ಓದುಗರ ಪ್ರಶ್ನೆ: ಗುಲ್ಮಾರ್ಗ್‌ನಲ್ಲಿ ಫ್ರೆಂಡ್ಸ್ ಜೊತೆ ಸ್ನೋಬೋರ್ಡ್, ಸೆಕೆಂಡ್ ಫೇಸ್ ದಾಟಿ ಇಳೀಬೋದಾ?

ಪ್ರಶ್ನೆ: ನಾವು ಐದು ಜನ ಆಫೀಸ್ ಫ್ರೆಂಡ್ಸ್ ಫೆಬ್ರವರಿಲಿ ಗುಲ್ಮಾರ್ಗ್‌ಗೆ ಹೊರಟಿದೀವಿ. ಮೂರು ಜನ ಪ್ರತಿ ವರ್ಷ ಸ್ಕೀ ಮಾಡೋರು. ನಾನು ಹೋದ ವರ್ಷ ಮನಾಲಿ ಹತ್ರದ ಸೋಲಂಗ್‌ನಲ್ಲಿ ಸ್ನೋಬೋರ್ಡ್ ಕಲಿತೆ, ಎರಡೂ ಕಡೆ ತಿರುಗ್ಸೋಕೆ ಬರತ್ತೆ, ಸ್ಪೀಡ್ ಜಾಸ್ತಿ ಆದ್ರೆ ಭಯ. ಅವರು ಗೊಂಡೋಲಾ (ಕೇಬಲ್ ಕಾರ್) ಸೆಕೆಂಡ್ ಫೇಸ್, ಅಂದ್ರೆ ಎರಡನೇ ಹಂತದವರೆಗೆ ಹೋಗಿ ಅಲ್ಲಿಂದ ಬ್ಯಾಕ್‌ಕಂಟ್ರಿಗೆ, ಅಂದ್ರೆ ಯಾರೂ ಕಾಯದ ಬೆಟ್ಟದ ಕಡೆಗೆ ಇಳಿಯೋಣ, ಹಿಮದಲ್ಲಿ ಹೂತವರನ್ನ ಹುಡುಕೋ ಬೀಕನ್ ಬಾಡಿಗೆಗೆ ಸಿಗತ್ತೆ, ಗೈಡ್ ಇರ್ತಾರೆ, ಸುಮ್ನೆ ಬಾ ಅಂತಿದಾರೆ. ಹೋಗ್ಲಾ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಗುಲ್ಮಾರ್ಗ್‌ಗೆ ಖಂಡಿತ ಹೋಗಿ. ಆದ್ರೆ ಈ ಟ್ರಿಪ್‌ನಲ್ಲಿ ಸೆಕೆಂಡ್ ಫೇಸ್ ಮೇಲಿಂದ ಆಚೆ ಇಳಿಯೋದು ಬೇಡ. ನಿಮಗೆ ಬೋರ್ಡ್ ಎಷ್ಟು ಬರತ್ತೆ ಅನ್ನೋದು ಆಮೇಲಿನ ಮಾತು, ನೀವು ಹಿಮದಡಿ ಹೂತುಹೋದ್ರೆ ನಿಮ್ಮ ಫ್ರೆಂಡ್ಸ್‌ಗೆ ನಿಮ್ಮನ್ನ ಹುಡುಕಿ ಅಗೆದು ತೆಗೆಯೋಕೆ ಬರತ್ತಾ ಅನ್ನೋದನ್ನ ಮೊದಲು ಕೇಳಿ.

ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಫಸ್ಟ್ ಫೇಸ್ ಕೊಂಗ್ಡೂರಿವರೆಗೆ, ಸೆಕೆಂಡ್ ಫೇಸ್ ಅಲ್ಲಿಂದ ಆಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ವರೆಗೆ. ಬೆಂಗಳೂರಿಂದ ವಿಮಾನದಲ್ಲಿ ಬಂದು ಮಾರನೇ ದಿನವೇ ಅಷ್ಟು ಎತ್ತರಕ್ಕೆ ಏರಿದ್ರೆ ತಲೆನೋವು, ಸುಸ್ತು ಬರೋ ಸಾಧ್ಯತೆ ಜಾಸ್ತಿ, ಅದರ ಮೇಲೆ ಬೋರ್ಡ್ ಬೇರೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಅಲ್ಲಿ ಸ್ಕೀ ಪ್ಯಾಟ್ರೋಲ್‌ನವರು (ಇಳಿಜಾರು ಕಾಯೋರು) ಹಿಮಕುಸಿತದ ಅಪಾಯ ನೋಡಿ ಕಂಟ್ರೋಲ್ ಮಾಡೋದು ಗೊಂಡೋಲಾ ಪಕ್ಕದ ಬೌಲ್ (ಬಟ್ಟಲಿನ ತರದ ಇಳಿಜಾರು) ಅಷ್ಟನ್ನೇ, ಅದರ ಎರಡೂ ಕಡೆಗಿರೋ ಆಫರ್ವತ್ ಇಳಿಜಾರು ಪೂರ್ತಿ ನಿಮ್ಮ ಜವಾಬ್ದಾರಿ. 2023ರ ಫೆಬ್ರವರಿ 1ಕ್ಕೆ ಅದೇ ಬೆಟ್ಟದ ಹಾಪತ್‌ಖುಡ್ ಕಡೆ ಹಿಮಕುಸಿತ ಆಗಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡ್ರು, ಲೋಕಲ್ ಗೈಡ್‌ಗಳೂ ಜೊತೆಗಿದ್ರು. 2024ರ ಫೆಬ್ರವರಿಲಿ ಗುಲ್ಮಾರ್ಗ್‌ನ ಹಿಮಕುಸಿತದಲ್ಲಿ ರಷ್ಯಾದವರೊಬ್ಬರು ತೀರಿಕೊಂಡ್ರು. ಗೈಡ್ ಬೇಕೇ ಬೇಕು, ಆದ್ರೆ ಗೈಡ್ ಇದಾರೆ ಅಂದ ತಕ್ಷಣ ಬೆಟ್ಟ ಸೇಫ್ ಆಗಲ್ಲ.

ಈಗ ಬೀಕನ್ ವಿಷಯ. ಅದನ್ನ ಎದೆಗೆ ಕಟ್ಕೊಂಡ್ರೆ ಹಿಮಕುಸಿತ ನಿಲ್ಲಲ್ಲ, ನೀವು ಎಲ್ಲಿ ಹೂತಿದೀರಿ ಅಂತ ಬೇರೆಯವರ ಬೀಕನ್‌ಗೆ ಸಿಗ್ನಲ್ ಕಳಿಸತ್ತೆ ಅಷ್ಟೆ. ಆ ಸಿಗ್ನಲ್ ಹಿಡಿದು ಹತ್ತಿರ ಬಂದು, ಬೀಕನ್ ಹಿಮಕ್ಕೆ ತಾಗಿಸಿ ಅದು ತೋರ್ಸೋ ದೂರದ ನಂಬರ್ ಕಮ್ಮಿ ಇರೋ ಜಾಗ ಹುಡುಕಿ, ಪ್ರೋಬ್ ಅನ್ನೋ ಉದ್ದದ ಕಡ್ಡಿ ಚುಚ್ಚಿ, ಮೈಗೆ ತಾಗಿತು ಅಂತ ಗೊತ್ತಾದ ಮೇಲೆ ಪ್ರೋಬ್ ಅಲ್ಲೇ ಬಿಟ್ಟು, ಅದರ ನೇರ ಮೇಲಿಂದ ಅಗೀದೆ ಇಳಿಜಾರಿನ ಕೆಳಗಡೆಯಿಂದ ಒಳಕ್ಕೆ ಅಗೀಬೇಕು, ಇಷ್ಟೂ ಕೆಲಸಕ್ಕೆ ಇರೋದು ಹತ್ತು ಹದಿನೈದು ನಿಮಿಷ, ಅದು ದಾಟಿದ್ರೆ ಬದುಕೋ ಸಾಧ್ಯತೆ ಸರ್ರನೆ ಇಳಿಯತ್ತೆ. ಹರಿದು ಬಂದ ಹಿಮ ನಿಂತ ಮೇಲೆ ಕಾಂಕ್ರೀಟ್ ತರ ಗಟ್ಟಿ ಆಗತ್ತೆ, ಕೈಯಲ್ಲಿ ಕೆದಕೋಕೆ ಆಗಲ್ಲ, ಅದಕ್ಕೇ ಪ್ಲಾಸ್ಟಿಕ್ ಬೇಡ, ಮೆಟಲ್ ಸಲಿಕೆನೇ ಬೇಕು. ಕೆಳಗಿಂದ ರೆಸ್ಕ್ಯೂ ಟೀಮ್ ಬರೋಷ್ಟರಲ್ಲಿ ಆ ಹೊತ್ತು ಕಳೆದಿರತ್ತೆ, ನಿಮ್ಮ ಟೀಮ್ ಅಂದ್ರೆ ಆ ನಾಲ್ಕು ಜನ ಮತ್ತು ಗೈಡ್. ಹೊರಡೋಕೆ ಮುಂಚೆ ಹೋಟೆಲ್ ಹೊರಗೆ ಒಂದು ಬೀಕನ್ ಬ್ಯಾಗಲ್ಲಿಟ್ಟು ಹಿಮದಲ್ಲಿ ಹೂತು ಒಬ್ಬೊಬ್ಬರೇ ಹುಡುಕಿ ನೋಡಿ, ಫೋನ್ ಬೀಕನ್‌ನಿಂದ ದೂರ ಇಟ್ಕೊಳ್ಳಿ, ಸಿಗ್ನಲ್ ಕೆಡತ್ತೆ. ನಿಮ್ಮ ಫ್ರೆಂಡ್ಸ್ ಇದಕ್ಕೆ ಬೇಜಾರು ಮಾಡ್ಕೊಂಡ್ರೆ ಅವರ ಜೊತೆ ಬೌಲ್ ಬಿಟ್ಟು ಹೊರಗೆ ಹೋಗ್ಲೇಬೇಡಿ, ಇದನ್ನ ನಾನು ತುಂಬಾ ಗಟ್ಟಿಯಾಗೇ ಹೇಳ್ತೀನಿ.

ಸ್ನೋಬೋರ್ಡ್‌ದೇ ಆದ ತೊಂದರೆನೂ ಇದೆ. ಸ್ಕೀ ಆದ್ರೆ ಬಿದ್ದಾಗ ಸಾಮಾನ್ಯವಾಗಿ ಬೂಟು ಹಿಡಿದಿಡೋ ಬೈಂಡಿಂಗ್ ಬಿಚ್ಕೊಳತ್ತೆ, ಬೋರ್ಡ್ ಬಿಚ್ಕೊಳಲ್ಲ, ಹಿಮ ಹರಿಯುವಾಗ ಅದೇ ನಿಮ್ಮನ್ನ ಒಳಕ್ಕೆ ಎಳೆಯತ್ತೆ. ಮಟ್ಟ ಜಾಗ ಬಂದ್ರೆ ಸ್ಕೀಯವರು ಕೋಲು ಊರಿ ದಾಟ್ತಾರೆ, ನೀವು ನಿಂತ್ರಿ ಅಂದ್ರೆ ಬೋರ್ಡ್ ಬಿಚ್ಚಿ ತೊಡೆವರೆಗೆ ಇಳಿಯೋ ಹಿಮದಲ್ಲಿ ನಡೀಬೇಕು, ಹಾಗಾಗಿ ಗೈಡ್ ಹತ್ರ ಮೊದಲೇ ಕೇಳಿ, ದಾರೀಲಿ ಎಲ್ಲಿ ಸ್ಪೀಡ್ ಬಿಡಬಾರದು ಅಂತ, ಮಡಚೋ ಕೋಲೂ ಒಂದು ಜೊತೆ ಬ್ಯಾಗಲ್ಲಿರ್ಲಿ. ಪೌಡರ್‌ನಲ್ಲಿ, ಅಂದ್ರೆ ಮೆತ್ತನೆ ಹೊಸ ಹಿಮದಲ್ಲಿ, ಕೂತುಬಿಟ್ರೆ ಕೈ ಊರಿದ್ರೆ ಕೈನೇ ಒಳಗೆ ಹೋಗತ್ತೆ, ಹೊಟ್ಟೆ ಮೇಲೆ ಹೊರಳಿ ಮೊಣಕಾಲಿಗೆ ಬಂದು ಮುಂಗಾಲಿನ ಕಡೆಯಿಂದ ಎದ್ದೇಳಿ. ಬೈಂಡಿಂಗ್ ಎರಡನ್ನೂ ಒಂದೆರಡು ತೂತು ಹಿಂದಕ್ಕೆ ಹಾಕಿಸಿದ್ರೆ ಬೋರ್ಡ್ ಮೂತಿ ಹಿಮದಲ್ಲಿ ಮುಳುಗಲ್ಲ, ಹಿಂದಿನ ಕಾಲು ಅಷ್ಟು ನೋಯಲ್ಲ.

ಹಾಗಾದ್ರೆ ಏನು ಮಾಡ್ಲಿ ಅಂತೀರಾ? ಮೊದಲ ಎರಡು ದಿನ ಕೆಳಗಿನ ಸ್ಲೋಪ್ ಮತ್ತು ಕೊಂಗ್ಡೂರಿ, ಆಮೇಲೆ ಇನ್‌ಸ್ಟ್ರಕ್ಟರ್ ಸರಿ ಅಂದ್ರೆ ಗೈಡ್ ಜೊತೆ ಫಸ್ಟ್ ಫೇಸ್ ಕೆಳಗಿನ ಇಳಿಜಾರು ಕಮ್ಮಿ ಇರೋ ಜಾಗ. ಹಿಮಕುಸಿತ ಜಾಸ್ತಿ ಆಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅದಕ್ಕಿಂತ ಮಟ್ಟ ಜಾಗ ಆರಿಸ್ಕೊಳ್ಳಿ, ಮೇಲ್ಗಡೆ ಕಡಿದಾದ ಇಳಿಜಾರು ಇರಬಾರದು ಅನ್ನೋದೂ ನೋಡ್ಕೊಳ್ಳಿ. ಮರಗಳ ಬುಡಕ್ಕೆ ಹತ್ರ ಹೋಗ್ಬೇಡಿ, ಕೊಂಬೆ ಕೆಳಗೆ ಹಿಮ ಟೊಳ್ಳಾಗಿರತ್ತೆ, ತಲೆಕೆಳಗಾಗಿ ಬಿದ್ರೆ ಒಬ್ಬರೇ ಹೊರಗೆ ಬರೋಕಾಗಲ್ಲ. ಡಿಜಿಆರ್‌ಇ (ರಕ್ಷಣಾ ಇಲಾಖೆಯ ಹಿಮಕುಸಿತ ಸಂಶೋಧನಾ ಸಂಸ್ಥೆ) ಕೊಡೋ ಹಿಮಕುಸಿತದ ಎಚ್ಚರಿಕೆ ಬೆಳಿಗ್ಗೆ ನೋಡಿ, ಅದು ಜಿಲ್ಲೆ ಲೆಕ್ಕದಲ್ಲಿರತ್ತೆ, ನೀವಿರೋ ಇಳಿಜಾರಿನ ಮಾತು ಪ್ಯಾಟ್ರೋಲ್‌ನವರನ್ನೇ ಕೇಳಿ. ಹಾಂ, ಇಲ್ಲಿನ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ತಗೊಂಡು ಹೋಗಿ.

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿ ಓದ್ತಿದಾಳೆ, ಫ್ರೆಂಡ್ಸ್ ಜೊತೆ ಸ್ಕೀ ರೆಸಾರ್ಟ್ ಗೇಟ್ ದಾಟಿ ಹೊರಗಿನ ಬೆಟ್ಟದಲ್ಲಿ ಸ್ನೋಬೋರ್ಡ್ ಮಾಡ್ತೀನಿ ಅಂತಾಳೆ. ಬೇಡ ಅಂದ್ರೆ ಕೇಳಲ್ಲ. ಏನು ಹೇಳ್ಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ ಅನ್ನೋ ಬದ್ಲು ಕೋರ್ಸ್ ಫೀಸ್ ನೀವೇ ಕೊಡಿ ಅಮ್ಮಾ. ಅಲ್ಲಿ ಮೂರು ದಿನದ ಹಿಮಕುಸಿತದ ಲೆವೆಲ್ ಒನ್ ಕೋರ್ಸ್‌ಗಳು ಸಿಗತ್ತೆ, ಬೀಕನ್ ಹುಡುಕೋದು, ಇಳಿಜಾರು ಓದೋದು ಎಲ್ಲ ಬಯಲಲ್ಲೇ ಕಲಿಸ್ತಾರೆ. ಅಮೆರಿಕದ ವಾಯವ್ಯ ಭಾಗಕ್ಕೆ ಎನ್‌ಡಬ್ಲ್ಯುಎಸಿ (ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್) ಅನ್ನೋ ಸಂಸ್ಥೆ ಚಳಿಗಾಲದಲ್ಲಿ ದಿನಾ ಉಚಿತವಾಗಿ ಹಿಮಕುಸಿತದ ಮುನ್ಸೂಚನೆ ಹಾಕತ್ತೆ, ಒಂದರಿಂದ ಐದರವರೆಗೆ ಅಪಾಯದ ಮಟ್ಟ. ಮೂರು ಅಂದ್ರೆ ಮಧ್ಯದಲ್ಲಿದೆ ಪರವಾಗಿಲ್ಲ ಅಂತ ಹುಡುಗ್ರು ಅಂದ್ಕೋತಾರೆ, ಮೂರರ ದಿನ ಜನ ಕಾಲಿಟ್ಟರೇ ಹಿಮ ಜಾರೋ ಸಾಧ್ಯತೆ ಜಾಸ್ತಿ ಇರತ್ತೆ. ಹೋಗೋ ದಿನ ಯಾವ ಮಟ್ಟ ಇದೆ, ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ನಿಮಗೊಂದು ಮೆಸೇಜ್ ಹಾಕ್ಲಿ. ಗುಂಪಲ್ಲಿ ಒಬ್ಬರು ಬೇಡ ಅಂದ್ರೆ ಎಲ್ಲರೂ ವಾಪಸ್ ಬರಬೇಕು ಅಂತ ಮನೆಯಿಂದ ಹೊರಡೋ ಮುಂಚೆನೇ ಒಪ್ಕೊಂಡಿರ್ಲಿ, ಬೆಟ್ಟದ ಮೇಲೆ ನಿಂತು ಆ ಮಾತು ಆಡೋಕೆ ಹೊಸಬರಿಗೆ ಧೈರ್ಯ ಬರಲ್ಲ.