ಕೈ ಮೇಲೆ ಒಣಗಿದ ಬೋರ್ಡೋ ಅಡಿಕೆ ಕೊನೆ ಮೇಲೆ ಯಾಕೆ ಒಣಗುವುದಿಲ್ಲ

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿದ ದ್ರಾವಣ, ಕೈಗೆ ಸಿಡಿದರೆ ಸ್ವಲ್ಪ ಹೊತ್ತಿಗೇ ಒಣಗುತ್ತದೆ, ಅಡಿಕೆ ಕೊನೆ (ಗೊನೆ) ಮಾತ್ರ ಸಂಜೆಯಾದರೂ ಒದ್ದೆ, ಯಾಕೆ ಎಂದು ಕೇಳಿದ್ದೀರಿ.

ನಮ್ಮ ಚರ್ಮದ ಬಿಸಿ ಸುಮಾರು 32-33 ಡಿಗ್ರಿ. ಮೇಲಿನ ನೀರಿಗೆ ಅಡಿಯಿಂದಲೇ ಕಾವು ಸಿಗುತ್ತದೆ. ಜುಲೈ ತಿಂಗಳ ತೋಟದಲ್ಲಿ ಕಾಯಿಗೆ ಅಂಥ ಕಾವು ಎಲ್ಲಿದೆ? ಸುತ್ತಲಿನ ಗಾಳಿಯೂ ಮೊದಲೇ ನೀರು ತುಂಬಿಕೊಂಡಿರುತ್ತದೆ. ಹಾಗಾಗಿ ಕೈ ನೋಡಿ ಕೊನೆ ಒಣಗಿತು ಎನ್ನಬೇಡಿ.

ಎಳೆ ಅಡಿಕೆಯ ಮೈ ಮೇಣದ ಹಾಗೆ. ದ್ರಾವಣ ಹನಿಗಟ್ಟಿ ನಿಲ್ಲುತ್ತದೆ. ಹನಿಯ ಅಂಚು ಬೇಗ ಆರುತ್ತದೆ. ಆ ಜಾಗ ತುಂಬಲು ಒಳಗಿನ ನೀರು ಅಂಚಿಗೆ ಹರಿಯುತ್ತದೆ, ತಾಮ್ರದ ಕಣಗಳನ್ನೂ ಎಳೆದೊಯ್ಯುತ್ತದೆ. ಮೇಜಿನ ಮೇಲೆ ಕಾಫಿ ಹನಿ ಒಣಗಿದರೆ ಸುತ್ತ ಕಪ್ಪು ಗೆರೆ ಉಳಿಯುತ್ತದೆ, ಅಲ್ವಾ? ಅದೇ ಕಥೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ವಿವರಣೆ ಬಂದಿತ್ತು. ಉಂಗುರದ ನಡುವೆ ಔಷಧಿ ತೆಳು. ರಾಳದ ಅಂಟು ಸೇರಿಸಿದರೆ ಹನಿ ಹರಡಿ ಕೂರುತ್ತದೆ, ಒಣಗಿದ ಮೇಲೆ ಮಳೆಗೂ ಬೇಗ ಬಿಡುವುದಿಲ್ಲ.

ಸುಮ್ನೆ ತೋಯಿಸಿ ಹೊಡೆಯಬೇಡಿ. ಪೊರೆ ಎರಡು ಪಟ್ಟು ದಪ್ಪವಾದರೆ ಒಣಗಲೂ ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು. ಇನ್ನೂ ಜಾಸ್ತಿಯಾದರೆ ಹನಿಗಳು ಕೂಡಿ ಕೆಳಗೆ ಇಳಿಯುತ್ತವೆ. ಸಣ್ಣ ಹನಿ ಬೀಳುವ ನಾಜಲ್ ಹಾಕಿ, ಕೊನೆಯ ಎಲ್ಲ ಮಗ್ಗುಲಿಗೂ ತಾಗಿಸಿ.

ಎಲ್ಲಕ್ಕಿಂತ ಕೊನೆಗೆ ಒಣಗುವುದು ತೊಟ್ಟಿನ ಬುಡ, ಕಾಯಿಗೆ ಕಾಯಿ ತಾಗುವ ಸಂದು. ಅಲ್ಲಿ ನೀರು ಕಚ್ಚಿಕೊಂಡು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಕೊಳೆರೋಗದ ನೀರುಗಟ್ಟಿದ ಕಲೆ ಮೊದಲು ಕಾಣುವುದೂ ತೊಟ್ಟಿನ ಹತ್ತಿರವೇ. ಒಣಗಿತೋ ಇಲ್ಲವೋ ಎಂದು ಅಲ್ಲೇ ಮುಟ್ಟಿ ನೋಡಬೇಕು.

ಒಂದು ವರ್ಷ ಮಳೆ ಹೊಳವಾಯಿತೆಂದು ಸಂಜೆ ನಾಲ್ಕಕ್ಕೆ ಹೊಡೆಸಿದ್ದೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಮರದ ಬುಡದಲ್ಲೆಲ್ಲ ತಿಳಿ ನೀಲಿ ಗೆರೆ. ಅಷ್ಟು ಖರ್ಚು, ಅಷ್ಟು ಜನರ ಕೆಲಸ ಮಣ್ಣಿಗೆ ಹೋಯಿತು, ಈಗಲೂ ಸಂಕಟವಾಗುತ್ತದೆ. ಈಗ ಬೆಳಗಿನ ಹನಿ ಆರಿದ ಕೂಡಲೇ ಶುರು ಮಾಡಿಸುತ್ತೇನೆ. ಬಿಸಿಲಿಲ್ಲದಿದ್ದರೂ ಗಾಳಿ ಇದ್ದರೆ ಸಾಕು.

100 ಲೀಟರ್ ನೀರಿಗೆ ಒಂದೊಂದು ಕೆಜಿ ಮೈಲುತುತ್ತ, ಸುಣ್ಣ ನಿಮಗೆ ಗೊತ್ತೇ ಇದೆ. ಕಲಸಿದ ದಿನವೇ ಮುಗಿಸಿ. ಹಳಸಿದರೆ ಕಣ ದಪ್ಪವಾಗಿ ಅಂಟುವುದಿಲ್ಲ.

ಕೈ ಮೇಲೆ ಮಾತ್ರ ಒಣಗಲು ಬಿಡಬೇಡಿ. ಸುಣ್ಣ, ತಾಮ್ರ ಚರ್ಮದ ಮೇಲೇ ಉಳಿದು ಕೈ ಬಿರಿಯುತ್ತದೆ. ಮರ ಹತ್ತುವವರಿಗೆ ಒಂದು ಒದ್ದೆ ಬಟ್ಟೆ ಕೊಟ್ಟಿರಿ, ಇಳಿದ ಕೂಡಲೇ ಸೋಪು ಹಾಕಿ ತೊಳೆಯಲು ಹೇಳಿ.