ಬಣ್ಣವಿಲ್ಲದ ಸ್ಪೋರ್ ಕಂಡ ಕೂಡಲೇ ಗ್ರಾಫಿಸ್ ಅನ್ನಬೇಡಿ

ಕಲ್ಲುಹೂವಿನ (ಲೈಕೆನ್) ಗುಂಪಿನಲ್ಲಿ ಫೋಟೊ ಹಾಕಿ, ತೊಗಟೆ ಮೇಲೆ ಕಪ್ಪು ಗೀಟು, ಒಳಗೆ ಬಣ್ಣವಿಲ್ಲದ ಸ್ಪೋರ್ (ಬೀಜಕಣ), ಹಾಗಾಗಿ ಗ್ರಾಫಿಸ್ ಕುಲದ ಕಲ್ಲುಹೂವು ಅಂತ ಬರೆದಿದ್ದೀರಿ. ಈ ಎಡವಟ್ಟು ಗುಂಪಿನಲ್ಲಿ ಮತ್ತೆ ಮತ್ತೆ ಆಗುತ್ತಿದೆ. ನಿಮ್ಮ ಫೋಟೊದಲ್ಲಿ ಸ್ಪೋರ್‌ಗಳೆಲ್ಲ ಇನ್ನೂ ಆಸ್ಕಸ್ (ಸ್ಪೋರ್ ಬೆಳೆಯುವ ಚೀಲ) ಒಳಗೇ ಇವೆ, ಎಳಸು. ಹತ್ತಿರದ ಕುಲವಾದ ಫಿಯೋಗ್ರಾಫಿಸ್‌ನಲ್ಲೂ ಎಳೆಯ ಸ್ಪೋರ್‌ಗೆ ಬಣ್ಣ ಇರುವುದಿಲ್ಲ, ಬಲಿತ ಮೇಲೆ ಕಂದು ಬರುತ್ತದೆ. ಆಸ್ಕಸ್‌ನಿಂದ ಹೊರಬಿದ್ದದ್ದನ್ನು ಹುಡುಕಿ. ಸಿಗದಿದ್ದರೆ ಹಳೆಯ ಲಿರೆಲ್ಲಾ (ಸ್ಪೋರ್ ಹೊರುವ ಆ ಕಪ್ಪು ಗೀಟು) ಒಂದನ್ನು ಕೊಯ್ಯಿರಿ.

ಸ್ಪೋರ್ ಅಳತೆಯನ್ನು ಕೆಓಎಚ್ (ಪೊಟ್ಯಾಸಿಯಮ್ ಹೈಡ್ರಾಕ್ಸೈಡ್) ದ್ರಾವಣದಲ್ಲಿ ತೆಗೆದಿದ್ದೀರಲ್ಲ, ದಯವಿಟ್ಟು ಬೇಡ. ಸ್ಪೋರ್ ಉಬ್ಬುತ್ತದೆ, ಆ ಅಂಕಿ ಗುರುತು ಹಿಡಿಯುವ ಯಾವ ಕೀಗೂ ಹೊಂದುವುದಿಲ್ಲ. ಮೊದಲು ಬರೀ ನೀರು. ಅಳತೆ, ಬಣ್ಣ, ಹೈಮೀನಿಯಮ್‌ನ (ಆಸ್ಕಸ್‌ಗಳಿರುವ ಪದರ) ಎಣ್ಣೆ ಹನಿ ಎಲ್ಲ ಅಲ್ಲೇ ನೋಡಿ ಮುಗಿಸಿ. ಆಮೇಲೆ ಕವರ್‌ಸ್ಲಿಪ್‌ನ ಒಂದು ಅಂಚಿಗೆ ಲುಗಾಲ್ (ಅಯೋಡಿನ್ ದ್ರಾವಣ) ಹನಿ, ಎದುರಿನ ಅಂಚಿಗೆ ಟಿಶ್ಯೂ ಚೂರು. ದ್ರಾವಣ ನಿಧಾನಕ್ಕೆ ಒಳಗೆ ಹರಿಯುತ್ತದೆ. ಕಣ್ಣು ತೆಗೆಯದೆ ನೋಡುತ್ತಿರಿ. ಗ್ರಾಫಿಸ್ ಸ್ಪೋರ್ ನೀಲಿ-ನೇರಳೆಗೆ ತಿರುಗುತ್ತದೆ, ಮಸೂರದಾಕಾರದ ಕೋಣೆಗಳು ಸಾಲಾಗಿ ಎದ್ದು ಕಾಣುತ್ತವೆ. ಫಿಯೋಗ್ರಾಫಿಸ್ ಆದರೆ ಕೆಂಗಂದು. ಇದನ್ನು ಒಮ್ಮೆ ನೋಡಿದರೆ ಮರೆಯೋದಿಲ್ಲ.

ಮೆಲ್ಜರ್ ಎಂಬ ಇನ್ನೊಂದು ಅಯೋಡಿನ್ ದ್ರಾವಣ ಅಣಬೆಯವರಿಗೆ ಇರಲಿ. ಅದರಲ್ಲಿ ಕ್ಲೋರಲ್ ಹೈಡ್ರೇಟ್ ಇದೆ, ಕಲ್ಲುಹೂವಿನ ಎಷ್ಟೋ ಆಸ್ಕಸ್ ತುದಿಗಳ ನೀಲಿಯನ್ನು ಅದು ಅಡಗಿಸಿಬಿಡುತ್ತದೆ. ಗಾಯಕ್ಕೆ ಹಚ್ಚುವ ಅಯೋಡಿನ್ ಕೂಡ ಬೇಡ. ಲುಗಾಲ್ ತೆಳುವಾಗಿರಲಿ, ಗಾಢವಾದರೆ ಎಲ್ಲವೂ ಕಂದು. ಲೆಕನೋರಾ, ಬಸಿಡಿಯಾ (ಇವು ಬೇರೆ ಕಲ್ಲುಹೂವು ಕುಲಗಳು) ತರಹದ ಆಸ್ಕಸ್ ತುದಿ ನೋಡಬೇಕಾದಾಗ ಮೊದಲು ಕೆಓಎಚ್, ನೀರಿನಲ್ಲಿ ತೊಳೆದು, ಆಮೇಲೆ ಲುಗಾಲ್.

ಸ್ಪೋರ್‌ನಲ್ಲಿ ಬರೀ ಅಡ್ಡಗೋಡೆ ಇದ್ದರೆ ಗ್ರಾಫಿಸ್, ಉದ್ದಗೋಡೆಯೂ ಇದ್ದರೆ ಗ್ರಾಫಿನಾ ಎನ್ನುವ ಹಳೆಯ ಕೀ ಬಿಟ್ಟುಬಿಡಿ. 2002ರಲ್ಲಿ ಸಂಶೋಧಕಿ ಸ್ಟೈಗರ್ ಗ್ರಾಫಿಸ್ ಇರುವ ಈ ಕುಟುಂಬವನ್ನು ಮರುವಿಂಗಡಿಸಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಎರಡೂ ಬಗೆಯ ಸ್ಪೋರ್ ಈಗ ಗ್ರಾಫಿಸ್‌ನಲ್ಲೇ ಇವೆ.

ಬ್ಲೇಡ್ ವಿಷಯದಲ್ಲಿ ಜಿಪುಣತನ ಬೇಡ. ನನಗೆ ಫೆದರ್ ಎರಡಂಚಿನ ಬ್ಲೇಡ್ ಬಿಟ್ಟು ಬೇರೆ ಒಗ್ಗಿಲ್ಲ. ಲಿರೆಲ್ಲಾ ಒಣಗಿದ್ದಾಗ ಕೊಯ್ದರೆ ಪುಡಿಯಾಗುತ್ತದೆ, ಒಂದು ಹನಿ ನೀರು ಹಾಕಿ ಸ್ವಲ್ಪ ಬಿಡಿ. ಸುಮ್ನೆ ಜಜ್ಜಿ ನೋಡಿದರೆ ಎಕ್ಸಿಪ್ಯುಲಮ್ (ಲಿರೆಲ್ಲಾದ ಗೋಡೆ) ಹಾಳು, ಜಾತಿಯ ಗುರುತು ಇರೋದೇ ಅಲ್ಲಿ ಅಲ್ವಾ?

ಪಕ್ಕದಲ್ಲಿ ಚುಕ್ಕಿಯಂತೆ ಕಾಣುವುದು ಪೆರಿಥೀಸಿಯಮ್ (ಆಸ್ಕಸ್ ಇರುವ ಹೂಜಿಯಂಥ ಅಂಗ) ಅಲ್ಲ, ಪಿಕ್ನಿಡಿಯಮ್ (ಆಸ್ಕಸ್ ಇಲ್ಲದೆ ಕಣ ಹುಟ್ಟಿಸುವ ಅಂಗ) ಇರಬಹುದು. ಒಳಗೆ ಆಸ್ಕಸ್ ಇದೆಯಾ ನೋಡಿ. ಇದ್ದರೂ, ಕಲ್ಲುಹೂವಿನ ಮೇಲೆ ಬೆಳೆಯುವ ಬೇರೆ ಫಂಗಸ್‌ನ ಸ್ಪೋರ್ ಆಗಿರಲೂ ಸಾಧ್ಯ.

ಥ್ಯಾಲಸ್ (ಕಲ್ಲುಹೂವಿನ ಮೈ) ಚೂರಿಗೂ ಕೆಓಎಚ್ ಬಿಟ್ಟು ನೋಡಿ. ನಾರ್‌ಸ್ಟಿಕ್ಟಿಕ್ ಆಮ್ಲ ಇದ್ದರೆ ಮೊದಲು ಹಳದಿ ಹರಿದು, ಆಮೇಲೆ ಕೆಂಪು ಸೂಜಿಗಳ ಗೊಂಚಲು ಮೂಡುತ್ತದೆ. ಅದರ ಜೊತೆ ಲಿರೆಲ್ಲಾದ ಅಡ್ಡಕೊಯ್ತದ ಫೋಟೊನೂ ಹಾಕಿ. ಕಪ್ಪು ಗೋಡೆ ಪಕ್ಕಗಳಲ್ಲಿ ಮಾತ್ರ ಇದೆಯಾ, ತಳದಲ್ಲೂ ಮುಚ್ಚಿದೆಯಾ ಕಾಣಬೇಕು.