ಡೈಸಲ್ಫಿರಾಮ್ ತಗೊಳ್ಳುವಾಗ ಮುಖ ಕೆಂಪಾದರೆ ಕುಡಿದಿದ್ದಾನೆ ಅಂತಲೇ ಅರ್ಥವಾ?

ಬಹುಶಃ ಆ ದಶಮೂಲಾರಿಷ್ಟದ್ದೇ ಕೆಲಸ. ಕುಡಿತ ಬಿಡಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವ ತಮ್ಮನಿಗೆ ಸುಸ್ತಿಗೆ ಅಂತ ಅರಿಷ್ಟ ಕೊಟ್ಟ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಎದೆ ಡವಡವ ಹೊಡೆದುಕೊಂಡಿತು ಅಂತ ಬರೆದಿದ್ದೀರಿ. ಅರಿಷ್ಟ, ಆಸವಗಳು ಹುದುಗು ಬರಿಸಿ ಮಾಡಿದವು. ತಾನಾಗಿ ಹುಟ್ಟಿದ ಆಲ್ಕೋಹಾಲ್ ಸುಮಾರು ಶೇ. 5ರಿಂದ 10 ಇರುತ್ತದೆ. ಈ ಮಾತ್ರೆ ಆಲ್ಕೋಹಾಲ್ ಕರಗುವುದನ್ನು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗುವ ಹಂತದಲ್ಲೇ ತಡೆಯುತ್ತದೆ. ಆ ಅಸಿಟಾಲ್ಡಿಹೈಡ್ ರಕ್ತದಲ್ಲಿ ಏರಿದಾಗ ಹೀಗಾಗುತ್ತದೆ. ಕದ್ದು ಕುಡಿದಿದ್ದರೂ ಇದೇ ಲಕ್ಷಣ, ನೋಡಿ ಹೇಳಲಾಗದು. ಜಗಳಕ್ಕೆ ಮುಂಚೆ ಬಾಟಲಿಯ ಲೇಬಲ್ ಓದಿ.

ಮೊದಲು ಅರಿಷ್ಟ ನಿಲ್ಲಿಸಿ. ಎದೆನೋವು, ಉಸಿರಾಟದ ತೊಂದರೆ, ತಲೆ ಸುತ್ತಿ ಬೀಳುವುದು, ನಿಲ್ಲದ ವಾಂತಿ ಕಂಡರೆ 108ಕ್ಕೆ ಕರೆ ಮಾಡಿ, ಮಾತ್ರೆಯ ಶೀಟ್ ಜೊತೆಗೇ ಒಯ್ಯಿರಿ. ಏನೂ ಇಲ್ಲದಿದ್ದರೂ ಮುಂದಿನ ಮಾತ್ರೆಗೆ ಮುನ್ನ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಕೆಮ್ಮಿನ ಸಿರಪ್, ಮೌತ್‌ವಾಶ್‌ಗಳಲ್ಲೂ ‘ಎಥನಾಲ್’ (ಅಂದರೆ ಆಲ್ಕೋಹಾಲ್) ಇದೆಯಾ ಹುಡುಕಿ. ಭೇದಿಗೋ ಹಲ್ಲುನೋವಿಗೋ ಮೆಟ್ರೋನಿಡಜೋಲ್ ಬರೆದರೆ ಈ ಮಾತ್ರೆಯ ವಿಷಯ ಹೇಳಲೇಬೇಕು, ಎರಡೂ ಸೇರಿದರೆ ಬುದ್ಧಿ ಭ್ರಮಣೆಯಾಗಬಹುದು. ಮಾತ್ರೆ ಬಿಟ್ಟ ಮೇಲೂ 14 ದಿನ ಇದೇ ಎಚ್ಚರ.

ಇನ್ನು ಅಮ್ಮ ಮಾತ್ರೆ ಪುಡಿ ಮಾಡಿ ಸಾರಿಗೆ ಬೆರೆಸುವ ಯೋಚನೆಯಲ್ಲಿದ್ದಾರೆ ಅಂದಿರಲ್ಲ, ಖಂಡಿತ ಬೇಡ. ಗೊತ್ತಿಲ್ಲದೆ ಒಂದು ಕ್ವಾರ್ಟರ್ ಹಾಕಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಡಾಕ್ಟರ್ ಮುಂದುವರಿಸಿ ಅಂದರೆ, ಬೆಳಿಗ್ಗೆ ತಿಂಡಿಯಾದ ಮೇಲೆ ಅವನೇ ನಿಮ್ಮೆದುರು ನುಂಗಲಿ. ಡಾಕ್ಟರ್ ಸಿಗದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446.